ಓಗ್ಲಾಲಾ ಲಕೋಟಾ ಕೌಂಟಿ

ಓಗ್ಲಾಲಾ ಲಕೋಟಾ ಕೌಂಟಿಯು ಅಮೇರಿಕ ಸಂಯುಕ್ತ ಸಂಸ್ಥಾನದ ಸೌತ್ ಡಕೋಟಾ ರಾಜ್ಯದ ನೈಋತ್ಯ ಭಾಗದಲ್ಲಿರುವ ಗ್ರಾಮೀಣ ಆಡಳಿತ ವಿಭಾಗ. 2020ರ ಜನಗಣತಿಯಂತೆ ಇದರ ಜನಸಂಖ್ಯೆ 13,672. ಇಡೀ ಕೌಂಟಿಯು ಪೈನ್ ರಿಡ್ಜ್ ಮೀಸಲು ಪ್ರದೇಶದೊಳಗಿದ್ದು, ನಿವಾಸಿಗಳಲ್ಲಿ ಬಹುಪಾಲು ಜನರು ಲಕೋಟಾ ಮೂಲನಿವಾಸಿಗಳು.

ಭೌಗೋಳಿಕವಾಗಿ ಇದು ವಿಶಾಲವಾದ ಹುಲ್ಲುಗಾವಲಿನ ನಾಡು. ಉತ್ತರದಲ್ಲಿ ಮಳೆಗಾಳಿಗಳು ಕೊರೆದ ಬ್ಯಾಡ್‌ಲ್ಯಾಂಡ್ಸ್ ದಿಬ್ಬಗಳಿವೆ. ವೈಟ್ ನದಿ ಇಲ್ಲಿ ಹರಿಯುತ್ತದೆ.

1890ರ ಡಿಸೆಂಬರ್ 29ರಂದು ಇಲ್ಲಿನ ವೂಂಡೆಡ್ ನೀ ಎಂಬಲ್ಲಿ ಅಮೇರಿಕದ ಸೈನ್ಯವು ಮಹಿಳೆಯರು, ಮಕ್ಕಳೂ ಸೇರಿದಂತೆ ನೂರೈವತ್ತಕ್ಕೂ ಹೆಚ್ಚು ಲಕೋಟಾ ಜನರನ್ನು ಕೊಂದಿತು.

ಕೌಂಟಿಯ ಹಿಂದಿನ ಹೆಸರು ಶಾನನ್. ಪೀಟರ್ ಶಾನನ್ ಡಕೋಟಾ ಪ್ರಾಂತ್ಯದ ಮುಖ್ಯ ನ್ಯಾಯಾಧೀಶರಾಗಿದ್ದವರು. 1882ರಲ್ಲಿ ಲಕೋಟಾ ಜನರ ಭೂಮಿಯನ್ನು ಬಿಡಿಸಿಕೊಳ್ಳಲು ನೇಮಕವಾದ ಆಯೋಗದ ಸದಸ್ಯರೂ ಹೌದು. 2014ರ ನವೆಂಬರ್‌ನಲ್ಲಿ ಮತದಾರರು ಭಾರಿ ಬಹುಮತದಿಂದ ಆ ಹೆಸರನ್ನು ಕೈಬಿಟ್ಟರು. 2015ರ ಮೇ ತಿಂಗಳಿನಿಂದ ತಮ್ಮದೇ ಜನಾಂಗದ ಹೆಸರು ಜಾರಿಗೆ ಬಂದಿತು. ಆದರೂ ಕೌಂಟಿಗೆ ಸ್ವಂತ ಆಡಳಿತ ಕೇಂದ್ರವಿಲ್ಲ. ಅದರ ಕಾರ್ಯಗಳು ನೆರೆಯ ಫಾಲ್ ರಿವರ್ ಕೌಂಟಿಯ ಹಾಟ್ ಸ್ಪ್ರಿಂಗ್ಸ್ ಪಟ್ಟಣದಿಂದ ನಡೆಯುತ್ತವೆ.