ರಿಕಾಪಿಲ್ಲದ ಸವಾರರು

ಕುದುರೆ ಸವಾರ ಎಂದೊಡನೆ ರಿಕಾಪಿನಲ್ಲಿ ಪಾದವೂರಿ ಕುಳಿತವನ ಚಿತ್ರ ಕಣ್ಣ ಮುಂದೆ ಬರುತ್ತದೆ. ಆದರೆ ಪ್ರಾಚೀನ ಗ್ರೀಕರಿಗೆ ಈ ಆಸರೆ ಇರಲಿಲ್ಲ. ಹಾಗಿದ್ದೂ ಅವರು ಓಡುವ ಕುದುರೆಯ ಮೇಲಿಂದ ಈಟಿ ಎಸೆಯುತ್ತಿದ್ದರು. ಬೀಳದೆ ಉಳಿಯುತ್ತಿದ್ದುದು ಹೇಗೆ?

ಕ್ರಿ.ಪೂ. 4ನೆಯ ಶತಮಾನದಲ್ಲಿ ಅಶ್ವಾರೋಹಣದ ಬಗೆಗೆ ಗ್ರಂಥ ಬರೆದ ಕ್ಸೆನೊಫನ್ ಇದಕ್ಕೆ ಉತ್ತರ ಕೊಡುತ್ತಾನೆ. ಸವಾರ ಕುರ್ಚಿಯಲ್ಲಿ ಕುಳಿತಂತಿರದೆ, ಕಾಲಗಲಿಸಿ ನೆಟ್ಟಗೆ ನಿಂತವನಂತಿರಬೇಕು. ಆಗ ತೊಡೆಗಳ ಹಿಡಿತ ಬಿಗಿಯಾಗುತ್ತದೆ. ಈಟಿಗೂ ಬಲ ಬರುತ್ತದೆ. ಮೊಣಕಾಲಿನ ಕೆಳಗೆ ಮಾತ್ರ ಕಾಲು ಸಡಿಲವಾಗಿರಬೇಕು. ಸೆಟೆದ ಕಾಲು ಏನಕ್ಕಾದರೂ ತಗುಲಿದರೆ ಮುರಿದೀತು; ಸಡಿಲ ಕಾಲು ಬಾಗುತ್ತದೆ, ತೊಡೆ ಕದಲುವುದಿಲ್ಲ.

ರೋಮನರು ಇದಕ್ಕೊಂದು ಕಸರತ್ತನ್ನೇ ರೂಪಿಸಿದ್ದರು. ಚಳಿಗಾಲದಲ್ಲಿ ಸೂರಿನಡಿ, ಬೇಸಿಗೆಯಲ್ಲಿ ಬಯಲಿನಲ್ಲಿ ಮರದ ಕುದುರೆಗಳನ್ನು ನಿಲ್ಲಿಸಿ, ಹೊಸ ಸೈನಿಕರಿಂದ ಮೊದಲು ಬರಿಗೈಯಲ್ಲಿ, ಅನಂತರ ಆಯುಧ ಹಿಡಿದು ನೆಗೆದೇರುವ ಅಭ್ಯಾಸ ಮಾಡಿಸುತ್ತಿದ್ದರೆಂದು ವೆಜೀಷಿಯಸ್ ಬರೆದಿದ್ದಾನೆ.

ಯೂರೋಪಿಗೆ ರಿಕಾಪು ಬಂದದ್ದು ಕ್ರಿ.ಶ. 6-7ನೆಯ ಶತಮಾನಗಳಲ್ಲಿ. ಅದು ಕಾಲಿನ ಶ್ರಮವನ್ನು ಹಗುರ ಮಾಡಿತು, ಅನಗತ್ಯ ಮಾಡಲಿಲ್ಲ. ವಿಯೆನ್ನಾದ ಪ್ರಸಿದ್ಧ ಸ್ಪ್ಯಾನಿಷ್ ಅಶ್ವಶಾಲೆಯಲ್ಲಿ ಹೊಸಬರ ಪಾಠ ಇಂದಿಗೂ ರಿಕಾಪು, ಲಗಾಮುಗಳಿಲ್ಲದೆಯೇ ಆರಂಭವಾಗುತ್ತದೆ. ಕಾಲು ಮೊದಲು ಕುದುರೆಯನ್ನು ಅರಿಯಬೇಕು. ಆಸರೆ ಆಮೇಲಿನ ಮಾತು.