ಮೋಕದ ಎಂಟು-ನಾಲ್ಕರ ಯಂತ್ರ

ಪ್ಲೈವುಡ್ ಶೀಟು ಅಂದರೆ ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲ. ಮಿಲಿಮೀಟರಿನಲ್ಲಿ 2440 × 1220. ಇಷ್ಟು ದೊಡ್ಡ ಶೀಟನ್ನು ಕಂಪ್ಯೂಟರ್ ಹೇಳಿದ ಗೆರೆಯ ಮೇಲೆ ಕೊರೆಯುವ ಸಿಎನ್‌ಸಿ ರೂಟರ್ ಯಂತ್ರವೊಂದನ್ನು ಬಳ್ಳಾರಿ ಹತ್ತಿರದ ನಮ್ಮ ಮೋಕದಲ್ಲಿ, ಒಂದು ತಗಡಿನ ಶೆಡ್ಡಿನಲ್ಲಿ, ನಾವು ಮೂರು ಜನ ಸೇರಿ ಕಟ್ಟಿದ್ದೇವೆ ಅಂದರೆ ನಂಬ್ತೀರಾ? ನನ್ನ ಬಡಿಗೇರ ಗೆಳೆಯ, ಅವನ ತಂದೆ (ಊರಿಗೆಲ್ಲ 'ತಾತ'), ಮತ್ತು ರಜೆ ಸಿಕ್ಕಾಗಲೆಲ್ಲ ಓಡಿ ಹೋಗುವ ನಾನು. ಕಟ್ಟುತ್ತಾ ಕಟ್ಟುತ್ತಾ ಈ ಯಂತ್ರ ಎಲ್ಲಿಂದ ಬಂತು ಅಂತ ಹುಡುಕುವ ಹುಚ್ಚು ಹತ್ತಿತು. ಸಿಕ್ಕಿದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ನಮ್ಮ ಕಡೆಗೆ ಹತ್ಯಾರ ಮಾಡುವುದು ಹೊಸದೇನಲ್ಲ ಬಿಡಿ. ಬಳ್ಳಾರಿಯಿಂದ ಮೋಕದ ದಿಕ್ಕಿಗೆ ಬರುವಾಗ ಸಂಗನಕಲ್ಲು ಸಿಗುತ್ತದೆ. ಅಲ್ಲಿನ ಹಿರೇಗುಡ್ಡದಲ್ಲಿ ನವಶಿಲಾಯುಗದ ಜನ ಕರಿಕಲ್ಲಿನಿಂದ ಕೊಡಲಿ ಮಾಡುತ್ತಿದ್ದರು. ಒಂದೆರಡಲ್ಲ, ಕಾರ್ಖಾನೆ ಅನ್ನುವಷ್ಟು! ಸುಮಾರು ನಾಲ್ಕು ಸಾವಿರ ವರ್ಷದ ಹಿಂದಿನ ಮಾತು. ಮರ ಕಡಿಯುವ ಹತ್ಯಾರವನ್ನು ತಾನೇ ಮಾಡಿಕೊಳ್ಳುವ ಚಾಳಿ ಈ ಮಣ್ಣಿಗೆ ಆಗಿನಿಂದಲೇ ಇದೆ ಅಂದುಕೊಂಡರೆ ನಮಗೂ ಸ್ವಲ್ಪ ಧೈರ್ಯ.

ಅಲ್ಲಿಂದ ಒಂದೇ ಜಿಗಿತಕ್ಕೆ ಕಂಪನಿ ಸರ್ಕಾರದ ಕಾಲಕ್ಕೆ ಬರೋಣ. 1800ರಿಂದ 1807ರವರೆಗೆ ಈ ಸೀಮೆಯ ಮುಖ್ಯ ಕಲೆಕ್ಟರ್ ಆಗಿದ್ದ ಥಾಮಸ್ ಮನ್ರೋ, ಹನ್ನೆರಡು ಜನ ಆಯಗಾರರಿರುವ ಇಲ್ಲಿಯ ಹಳ್ಳಿಯನ್ನು ಒಂದು ಪುಟ್ಟ ಗಣರಾಜ್ಯದ ಹಾಗೆ ಕಂಡಿದ್ದ. ಆ ಆಯಗಾರರಲ್ಲಿ ಬಡಿಗೇರನೂ ಒಬ್ಬ. ನೇಗಿಲು, ಕುಂಟೆ, ಕೂರಿಗೆ, ಬಂಡಿ ಎಲ್ಲ ಅವನ ಕೈಯಲ್ಲೇ. ಕೂಲಿ ಎಂದು ದುಡ್ಡಿಲ್ಲ, ಸುಗ್ಗಿಯಲ್ಲಿ ಕಣದಿಂದ ಜೋಳ ಬರುತ್ತಿತ್ತು. ತಾತ ಹುಡುಗನಾಗಿದ್ದಾಗ ಕಣಕ್ಕೆ ಹೋಗಿ ಆಯ ತಂದದ್ದನ್ನು ಈಗಲೂ ಹೇಳುತ್ತಾನೆ. ಆಮೇಲೆ ಟ್ರ್ಯಾಕ್ಟರ್ ಬಂತು, ಕಬ್ಬಿಣದ ಕೂರಿಗೆ ಬಂತು, ಆಯ ಹೋಯಿತು. ಉಳಿದದ್ದು ಬಾಗಿಲು, ಕಿಟಕಿ, ಮಂಚ. ಈಗ ಅದಕ್ಕೂ ಕುತ್ತು. ನಗರದಿಂದ ಯಂತ್ರದಲ್ಲಿ ಕೊರೆದ ಬಾಗಿಲು ರೆಡಿಮೇಡ್ ಬರುತ್ತದೆ, ಬಡಿಗೇರ ಅದಕ್ಕೆ ತಿರುಪು ಹಾಕಿ ನಿಲ್ಲಿಸಿದರೆ ಮುಗಿಯಿತು. ನನ್ನ ಗೆಳೆಯನ ಸಂಕಟ ಇದೇ. "ನಾನು ಬಡಿಗೇರನೋ, ತಿರುಪು ತಿರುವೋನೋ?" ಅಂತ ಕೇಳಿದ ದಿನವೇ ಯಂತ್ರದ ಮಾತು ಶುರುವಾದದ್ದು.

ಈಗ ಯಂತ್ರದ ಕಡೆಗೆ. 1940ರ ದಶಕದ ಕೊನೆಯಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಜಾನ್ ಪಾರ್ಸನ್ಸ್ ಎಂಬಾತ ಹೆಲಿಕಾಪ್ಟರ್ ರೆಕ್ಕೆ ಮಾಡುತ್ತಿದ್ದ. ರೆಕ್ಕೆಯ ಬಾಗು ಸರಿಯಾಗಿ ಬರಲು ಗೆರೆಯ ಮೇಲೆ ಇನ್ನೂರು ಬಿಂದುಗಳ ಲೆಕ್ಕವನ್ನು ಪಂಚ್‌ಕಾರ್ಡ್ ಯಂತ್ರದಲ್ಲಿ ಮಾಡಿಸಿದ. ಆಮೇಲೆ ಒಬ್ಬ ಅಂಕಿ ಗಟ್ಟಿಯಾಗಿ ಓದುವುದು, ಇನ್ನಿಬ್ಬರು ಮಿಲ್ಲಿಂಗ್ ಯಂತ್ರದ ಎರಡು ಹಿಡಿಕೆ ತಿರುಗಿಸುವುದು! ಓದುವವನ ಬದಲು ಕಾಗದದ ಪಟ್ಟಿ, ತಿರುಗಿಸುವವರ ಬದಲು ಮೋಟಾರು ಇಟ್ಟರೆ? ಅದೇ ಸಿಎನ್‌ಸಿಯ ಬೀಜ. ಅಮೆರಿಕದ ವಾಯುಪಡೆ ದುಡ್ಡು ಹಾಕಿತು, ಎಂಐಟಿಯವರು 1952ರಲ್ಲಿ ಯಂತ್ರ ಓಡಿಸಿ ತೋರಿಸಿದರು.

ಅದೇ ಕಾಲದಲ್ಲಿ ಇನ್ನೊಂದು ದಾರಿಯೂ ಇತ್ತು. ನುರಿತ ಕೆಲಸಗಾರ ಒಂದು ತುಂಡನ್ನು ಕೈಯಾರೆ ಮಾಡುವುದು, ಅವನ ಕೈಚಲನೆಯನ್ನು ಟೇಪಿನಲ್ಲಿ ದಾಖಲಿಸಿ ಯಂತ್ರ ಅದನ್ನೇ ಮತ್ತೆ ಮತ್ತೆ ಮಾಡುವುದು. ಜನರಲ್ ಎಲೆಕ್ಟ್ರಿಕ್ ಕಂಪನಿ ಇದನ್ನು ಮಾಡಿಯೂ ನೋಡಿತ್ತು. ಆದರೆ ಆ ದಾರಿ ಬೆಳೆಯಲಿಲ್ಲ. ಯಾಕೆ? ಡೇವಿಡ್ ನೋಬಲ್ ಎಂಬ ಇತಿಹಾಸಕಾರ 1984ರಲ್ಲಿ ಇದರ ಮೇಲೆ ಒಂದು ಪುಸ್ತಕವನ್ನೇ ಬರೆದ. ಕಸಬು ಕೆಲಸಗಾರನ ಕೈಯಲ್ಲೇ ಉಳಿಯುವುದು ಆಡಳಿತದವರಿಗೆ ಬೇಕಿರಲಿಲ್ಲ, ಕಸಬನ್ನು ಕಾರ್ಖಾನೆಯಿಂದ ಆಫೀಸಿಗೆ ಸಾಗಿಸುವ ಯಂತ್ರವೇ ಅವರಿಗೆ ಹಿಡಿಸಿತು ಎಂಬುದು ಅವನ ವಾದ. ವಾಯುಪಡೆಗೆ ಬೇಕಾದ ಆಕಾರಗಳನ್ನು ಕೈಯಲ್ಲಿ ಮೊದಲು ಮಾಡಿ ತೋರಿಸುವುದೇ ಕಷ್ಟವಿತ್ತು ಎನ್ನುವ ಮಾತನ್ನೂ ತಳ್ಳಿಹಾಕುವಂತಿಲ್ಲ. ಆದರೆ ಗೆಳೆಯನ ಪ್ರಶ್ನೆ ಕೇಳಿದ ಮೇಲೆ ನನಗೆ ನೋಬಲ್‌ನ ಮಾತು ಮನಸ್ಸಿನಿಂದ ಹೋಗುತ್ತಲೇ ಇಲ್ಲ.

ನಮ್ಮ ನಾಡಿಗೆ ಇದು ಹೇಗೆ ಬಂತು? 1953 ನಮ್ಮ ಜಿಲ್ಲೆಗೆ ದೊಡ್ಡ ವರ್ಷ. ತುಂಗಭದ್ರಾ ಅಣೆಕಟ್ಟಿನಿಂದ ನೀರು ಬಿಟ್ಟದ್ದು ಆ ವರ್ಷ, ಅಕ್ಟೋಬರ್ 1ಕ್ಕೆ ಬಳ್ಳಾರಿ ಮದ್ರಾಸು ಬಿಟ್ಟು ಮೈಸೂರು ಸೇರಿದ್ದೂ ಆ ವರ್ಷ. ಬೆಂಗಳೂರಿನ ಜಾಲಹಳ್ಳಿಯಲ್ಲಿ ಸ್ವಿಸ್ ಕಂಪನಿಯೊಂದರ ನೆರವಿನಿಂದ ಎಚ್‌ಎಂಟಿ ಹುಟ್ಟಿದ್ದೂ ಅದೇ ವರ್ಷ. 1962ರಲ್ಲಿ ತುಮಕೂರು ರಸ್ತೆಯಲ್ಲಿ ಜೆಕೊಸ್ಲೊವಾಕಿಯಾದ ಸಹಾಯದಿಂದ ಸಿಎಂಟಿಐ ಶುರುವಾಯಿತು, ಯಂತ್ರ ಮಾಡುವ ಯಂತ್ರಗಳ ಸಂಶೋಧನೆಗೆಂದೇ. ಅದೇ 1962ರಲ್ಲಿ, ಅದೇ ತುಮಕೂರು ರಸ್ತೆಯಲ್ಲಿ ನೆಲೆಯಾದ ಪ್ಲೈವುಡ್ ಸಂಶೋಧನಾ ಸಂಸ್ಥೆ ಇಪಿರ್ಟಿಯೂ ಶುರುವಾದದ್ದು ಗೊತ್ತಾ? ಶೀಟಿನ ವಿದ್ಯೆ, ಶೀಟು ಕೊರೆಯುವ ವಿದ್ಯೆ ಎರಡೂ ಒಂದೇ ರಸ್ತೆಯಲ್ಲಿದ್ದರೂ ಸಣ್ಣ ಬಡಿಗೇರನ ಶೆಡ್ಡಿನಲ್ಲಿ ಅವು ಭೇಟಿಯಾಗಲು ಅರ್ಧ ಶತಮಾನಕ್ಕಿಂತ ಹೆಚ್ಚು ಬೇಕಾಯಿತು. ಈ ನಡುವೆ 1996ರ ಡಿಸೆಂಬರಿನಲ್ಲಿ ಗೋದಾವರ್ಮನ್ ಪ್ರಕರಣದ ಸುಪ್ರೀಂ ಕೋರ್ಟ್ ಆದೇಶ ಬಂದು ಕಾಡಿನ ಮರಕ್ಕೆ ಕಡಿವಾಣ ಬಿತ್ತು. ಪ್ಲೈವುಡ್ ಕಾರ್ಖಾನೆಗಳು ನೀಲಗಿರಿ, ಸಿಲ್ವರ್ ಓಕ್, ಪೋಪ್ಲರ್, ರಬ್ಬರ್ ಮರದ ಕಡೆ ತಿರುಗಿದವು. ಇವತ್ತು ನಮ್ಮ ಬಡಿಗೇರರ ಕೈಗೆ ಬರುವ ಶೀಟಿನಲ್ಲಿ ಹೆಚ್ಚಿನದು ತೋಟದ, ಹೊಲದ ಮರವೇ.

ಮನೆಯಲ್ಲೇ ಕಟ್ಟುವ ಕಥೆಗೂ ಒಬ್ಬ ಮೂಲಪುರುಷನಿದ್ದಾನೆ. ಅಮೆರಿಕದ ಡರ್ಹಮ್‌ನಲ್ಲಿ ಟೆಡ್ ಹಾಲ್ ಎಂಬ ನರವಿಜ್ಞಾನದ ಪ್ರಾಧ್ಯಾಪಕನಿಗೆ ಪ್ಲೈವುಡ್ ದೋಣಿ ಮಾಡುವ ಹವ್ಯಾಸ. ಕೊಳ್ಳಲು ಸಿಗುತ್ತಿದ್ದ ಯಂತ್ರಗಳ ಬೆಲೆ ಕೈಗೆಟುಕದೆ ತಾನೇ ಒಂದನ್ನು ಕಟ್ಟಿಕೊಂಡ, 1990ರ ದಶಕದಲ್ಲಿ ಅದೇ ಶಾಪ್‌ಬಾಟ್ ಕಂಪನಿಯಾಯಿತು. ಅದೇ ಹೊತ್ತಿಗೆ ಅಮೆರಿಕದ ಸರ್ಕಾರಿ ಸಂಸ್ಥೆ ಎನ್‌ಐಎಸ್‌ಟಿ ಬರೆದ ನಿಯಂತ್ರಣ ತಂತ್ರಾಂಶ ಎಲ್ಲರಿಗೂ ಮುಕ್ತವಾಯಿತು, ಇಂದಿನ ಲಿನಕ್ಸ್‌ಸಿಎನ್‌ಸಿಯ ಬೇರು ಅದೇ. 2005ರಲ್ಲಿ ಇಟಲಿಯಿಂದ ಆರ್ಡುಯಿನೊ, 2009ರಲ್ಲಿ ನಾರ್ವೆಯ ಸಿಮೆನ್ ಸ್ವಾಲೆ ಸ್ಕೋಗ್ಸ್‌ರುಡ್‌ನಿಂದ ಜಿಆರ್‌ಬಿಎಲ್. ಎಂಐಟಿಯವರ ಕಪಾಟು ತುಂಬುವ ನಿಯಂತ್ರಕ ಈಗ ಅಂಗೈಯಗಲದ ಹಲಗೆ!

ನಮ್ಮದೂ ಆ ಹಲಗೆಯ ಮೇಲೆಯೇ ಓಡುವುದು. ಕಬ್ಬಿಣದ ಬಾಕ್ಸ್ ಪೈಪಿನ ಚೌಕಟ್ಟನ್ನು ಬಳ್ಳಾರಿಯಲ್ಲಿ ವೆಲ್ಡ್ ಮಾಡಿಸಿದ್ದು. ಮೋಟಾರು, ಡ್ರೈವರ್ ಎಲ್ಲ ಬೆಂಗಳೂರಿನ ಎಸ್‌ಪಿ ರಸ್ತೆಯಿಂದ. ಸ್ಟೆಪ್ಪರ್ ಮೋಟಾರು ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ, ಡ್ರೈವರ್ ಒಂದೊಂದು ಹೆಜ್ಜೆಯನ್ನು ಎಂಟು ಭಾಗ ಮಾಡಿದರೆ 1600. ಹಲ್ಲಿನ ಚಕ್ರ ಒಂದು ಸುತ್ತಿಗೆ ಸುಮಾರು 62.8 ಮಿಮೀ ಓಡುತ್ತದೆ. ಅಂದರೆ ಒಂದು ಹೆಜ್ಜೆಗೆ 0.04 ಮಿಮೀ. ಪ್ಲೈವುಡ್ಡಿಗೆ ಧಾರಾಳ ಸಾಕು.

ಚೌಕಟ್ಟು ಚೌಕವಾಗಿದೆಯೋ ಇಲ್ಲವೋ ಎಂದು ನಾನು ಫೋನಿನಲ್ಲಿ ಏನೋ ಹುಡುಕುತ್ತಿದ್ದಾಗ ತಾತ ಟೇಪು ಹಿಡಿದು ಮೂಲೆಯಿಂದ ಮೂಲೆಗೆ ಎರಡು ಸಲ ಅಳೆದ. "ಎರಡೂ ಒಂದೇ ಬಂದ್ರೆ ಚೌಕ ಕಣಪಾ, ಇದಕ್ಕೇನು ಕಂಪ್ಯೂಟ್ರು?" ಶೀಟಿನ ಅಳತೆಗೆ ಗುರುತು ಹಾಕಿದ್ದ ನಾಲ್ಕು ಮೂಲೆಗಳ ನಡುವೆ ಎರಡೂ ಕರ್ಣ 2728 ಮಿಮೀ ಬಂತು. ಲೆಕ್ಕ ಹಾಕಿ ನೋಡಿದೆ, ಅಷ್ಟೇ ಬರಬೇಕು :-)

ನಿಜವಾದ ಪೇಚು ಕರೆಂಟಿನದು. ಅರ್ಧ ಕೊರೆದಾಗ ಕರೆಂಟು ಹೋದರೆ ಯಂತ್ರಕ್ಕೆ ತಾನೆಲ್ಲಿದ್ದೇನೆ ಎಂಬುದೇ ಮರೆತುಹೋಗುತ್ತದೆ. ಅದಕ್ಕೇ ಮೂಲೆಯಲ್ಲಿ ಸ್ವಿಚ್ಚುಗಳು. ಕರೆಂಟು ಬಂದ ಮೇಲೆ ಮೊದಲು ಅಲ್ಲಿಗೆ ಹೋಗಿ ಮುಟ್ಟಿ ಬಂದು, ಆಮೇಲೆ ಕೆಲಸ ಮುಂದುವರಿಸಬೇಕು.

ಇನ್ನೊಂದು ಮಿತಿ ಇದೆ, ಅದನ್ನು ಯಾವ ತಂತ್ರಾಂಶವೂ ಪೂರ್ತಿ ಕಳೆಯಲಾರದು. ಕೊರೆಯುವ ಬಿಟ್ಟು ದುಂಡಗೆ ತಿರುಗುತ್ತದೆ. ಆರು ಮಿಮೀ ಬಿಟ್ಟಾದರೆ ಒಳಮೂಲೆಯಲ್ಲಿ ಮೂರು ಮಿಮೀ ಗುಂಡು ಉಳಿದೇ ಉಳಿಯುತ್ತದೆ. ಅದನ್ನು ನೆಟ್ಟಗೆ ಮಾಡಲು ಉಳಿಯೇ ಬೇಕು. ಮೇಲಿನ ಪದರದ ಎಳೆ ಯಾವ ಕಡೆ ಹೋಗಿದೆ, ಬಾಗಿಲಿನ ಯಾವ ತುಂಡು ಅದಕ್ಕೆ ಸರಿಯಾಗಿ ಕೂರಬೇಕು ಅಂತ ಪೆನ್ಸಿಲಿನಲ್ಲಿ ಗುರುತು ಹಾಕುವವನೂ ತಾತನೇ. ಆ ಗುರುತು ನೋಡಿ ಮಗ ಕಂಪ್ಯೂಟರಿನಲ್ಲಿ ಗೆರೆ ಎಳೆಯುತ್ತಾನೆ.

ಯಂತ್ರ ಕಸಬನ್ನು ತಿನ್ನುತ್ತದೋ ಉಳಿಸುತ್ತದೋ ಎಂಬ ಪ್ರಶ್ನೆಗೆ ನನಗೆ ಕಂಡ ಉತ್ತರ ಇಷ್ಟೇ: ಯಂತ್ರ ಯಾರ ಶೆಡ್ಡಿನಲ್ಲಿದೆ, ಗೆರೆ ಎಳೆಯುವವರು ಯಾರು ಎಂಬುದರ ಮೇಲೆ ಅದು ನಿಂತಿದೆ. ದೊಡ್ಡ ಕಾರ್ಖಾನೆ ನಾಳೆ ನಮಗಿಂತ ಅಗ್ಗಕ್ಕೆ ಬಾಗಿಲು ಕೊಟ್ಟರೆ ಈ ಶೆಡ್ಡು ಮುಚ್ಚಲೂಬಹುದು, ಅದೂ ಗೊತ್ತಿದೆ. ಸದ್ಯಕ್ಕೆ ಸಿರುಗುಪ್ಪ, ಕುರುಗೋಡು ಕಡೆಯಿಂದಲೂ ಒಂದೆರಡು ಕೆಲಸ ಬರುತ್ತಿವೆ.

ನಿಮ್ಮೂರಿನ ಬಡಿಗೇರರು ಈಗ ಏನು ಮಾಡುತ್ತಿದ್ದಾರೆ? ಗೊತ್ತಿದ್ದವರು ನೀವೂ ಬರೆಯಿರಿ, ಓದಲು ಕಾಯುತ್ತಿರುತ್ತೇನೆ.