ಧೋಂಡಿಯ ವಾಘ್

ಧೋಂಡಿಯ ವಾಘ್ (ನಿಧನ: 10 ಸೆಪ್ಟೆಂಬರ್ 1800) ಈಸ್ಟ್ ಇಂಡಿಯಾ ಕಂಪನಿಯ ವಿರುದ್ಧ ಸ್ವಂತ ದಂಡು ಕಟ್ಟಿ ಕಾದಿದ ಸೇನಾನಿ. ಹುಟ್ಟೂರು ಈಗಿನ ದಾವಣಗೆರೆ ಜಿಲ್ಲೆಯ ಚನ್ನಗಿರಿ. ಮರಾಠ ಮನೆತನದವನು. ಹೈದರಾಲಿಯ ಸೈನ್ಯದಲ್ಲಿದ್ದು, ಮೂರನೆಯ ಮೈಸೂರು ಯುದ್ಧದ ಕಾಲಕ್ಕೆ ಅದನ್ನು ತೊರೆದ. ಮುಂದೆ ಟಿಪ್ಪು ಅವನನ್ನು ಶ್ರೀರಂಗಪಟ್ಟಣದಲ್ಲಿ ಸೆರೆಯಲ್ಲಿಟ್ಟ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಹೊರಬಂದ ಧೋಂಡಿಯ, ನೆಲೆ ಕಳೆದುಕೊಂಡಿದ್ದ ಟಿಪ್ಪುವಿನ ಸವಾರರನ್ನು ಕೂಡಿಸಿ ಬಿದನೂರು ಸೀಮೆಯನ್ನು ಹಿಡಿದ. ಆಗಸ್ಟ್‌ನಲ್ಲಿ ಶಿವಮೊಗ್ಗ, ಹೊನ್ನಾಳಿ, ಶಿಕಾರಿಪುರದ ಕೋಟೆಗಳು ಕಂಪನಿಯ ಪಾಲಾದವು. ಅವನು ಮರಾಠರ ನೆಲಕ್ಕೆ ಸರಿದ.

ಮರುವರ್ಷ ಮತ್ತೆ ಎದ್ದು, ಎರಡೂ ಲೋಕಗಳ ಒಡೆಯನೆಂಬ ಬಿರುದು ಧರಿಸಿದ. ಜೂನ್ 30ರಂದು ಕಿತ್ತೂರಿನ ಬಳಿ ಮರಾಠ ಸರದಾರ ಧೋಂಡೋಪಂತ ಗೋಖಲೆಯನ್ನು ಕೊಂದದ್ದು ಅವನ ದೊಡ್ಡ ಗೆಲುವು. ಆದರೆ ಅವನ ಗತಿ ನಿರ್ಧರಿಸಿದ್ದು ನೆರೆಯ ಅರಸರ ನಿಲುವು. ಕಂಪನಿಯ ದಂಡು ತನ್ನ ಸೀಮೆಗೆ ಕಾಲಿಡಲು ಪೇಶ್ವೆ ಒಪ್ಪಿದ. ನಿಜಾಮನ ಕುದುರೆಪಡೆಯೂ ಬೆನ್ನಟ್ಟಲು ಸೇರಿತು. ಒಬ್ಬರಾದರೂ ಅವನ ಕೈ ಹಿಡಿದಿದ್ದರೆ ಈ ಯುದ್ಧ ಅಷ್ಟು ಬೇಗ ಮುಗಿಯುತ್ತಿರಲಿಲ್ಲ.

ರಾಯಚೂರು ಸೀಮೆಯ ಕೋಣಗಲ್‌ನಲ್ಲಿ ಬ್ರಿಟಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿಯ ಅಶ್ವದಳದೆದುರು ಅವನು ಮಡಿದ. ಬ್ರಿಟಿಷ್ ದಾಖಲೆಗಳು ಅವನನ್ನು ದರೋಡೆಕೋರನೆನ್ನುತ್ತವೆ. ಒಂದು ವರ್ಷಕ್ಕೂ ಹೆಚ್ಚು ಕಾಲ ಕಂಪನಿಯನ್ನು ಕಾಡಿದವನಿಗೆ ಆ ಮಾತು ಸಲ್ಲದು. ಅವನ ಎಳೆಯ ಮಗ ಸಲಾಬತ್ ಖಾನನ ಪೋಷಣೆಯನ್ನು ವೆಲ್ಲೆಸ್ಲಿಯೇ ವಹಿಸಿಕೊಂಡ.